ಅಘನಾಶಿನಿ ಚಿಪ್ಪಿಕಲ್ಲಿನ ಮೇಲೆ ಪಿಎಚ್‌ಡಿ: ಪ್ರಸ್ತಾವನೆ ಹೇಗೆ ಕಟ್ಟಲಿ?

ಕುಮಟಾ_ಎಂಎ: ಅರ್ಥಶಾಸ್ತ್ರದಲ್ಲಿ ಎಂ.ಎ. ಆಗಿದೆ, ಯುಜಿಸಿಯ ಅರ್ಹತಾ ಪರೀಕ್ಷೆ ನೆಟ್‌ಗೆ ಓದುತ್ತಿದ್ದೇನೆ. 'ಅಘನಾಶಿನಿ ಅಳಿವೆಯ ಒಟ್ಟು ಆರ್ಥಿಕ ಮೌಲ್ಯ' ಅಂತ ಪ್ರಸ್ತಾವನೆ ಬರೆದರೆ ನಡೆಯುತ್ತದಾ? 'ಅಳಿವೆ ಉಳಿಸಲು ವರ್ಷಕ್ಕೆ ಎಷ್ಟು ಕೊಡುತ್ತೀರಿ' ಅಂತ ಮನೆಮನೆ ಸರ್ವೆ ಮಾಡುವ ಯೋಚನೆ ಇದೆ.

ಲೆಕ್ಕದ_ಮಾಸ್ತರ: 'ಒಟ್ಟು' ತೆಗೆದುಹಾಕಿ. ಅಳಿವೆಯೇ ಇಲ್ಲವಾದರೆ ಅಂತ ಯಾರೂ ಕೇಳುತ್ತಿಲ್ಲ. ಮರಳು ತೆಗೆದು ಚಿಪ್ಪಿಕಲ್ಲು (ಜನ ಹೆಕ್ಕಿ ತಿನ್ನುವ, ಮಾರುವ ಚಿಪ್ಪುಜೀವಿ) ಸಿಗುವ ಜಾಗ ಇಷ್ಟು ಕುಗ್ಗಿದರೆ ನಷ್ಟ ಎಷ್ಟು? ಇದು ಅಳೆಯಲಿಕ್ಕೆ ಆಗುವ ಪ್ರಶ್ನೆ.

'ಎಷ್ಟು ಕೊಡುತ್ತೀರಿ' ಅಂದರೆ 'ನಮ್ಮ ಹೊಳೆಗೆ ನಾವ್ಯಾಕೆ ದುಡ್ಡು ಕೊಡ್ಬೇಕು' ಅನ್ನುತ್ತಾರೆ. ಅದು ಪ್ರತಿಭಟನೆಯ ಸೊನ್ನೆ, ಹೊಳೆಗೆ ಬೆಲೆಯೇ ಇಲ್ಲ ಅನ್ನುವ ನಿಜವಾದ ಸೊನ್ನೆ ಅಲ್ಲ. ಯಾಕೆ ಅಂತ ಇನ್ನೊಂದು ಪ್ರಶ್ನೆ ಕೇಳಿ ಎರಡನ್ನೂ ಬೇರೆ ಮಾಡದಿದ್ದರೆ ಸರಾಸರಿ ಕೆಡುತ್ತದೆ.

ಅದಕ್ಕಿಂತ ಉತ್ಪನ್ನದ ಲೆಕ್ಕ ಹಿಡಿಯಿರಿ. ಲೆಕ್ಕ ತಿಳಿಯಲಿಕ್ಕೆಂದು ಹಾಕಿದ ಅಂಕಿ: ನೀರು ಇಳಿದಾಗ ಹೆಕ್ಕುವ ಚಿಪ್ಪಿಕಲ್ಲು ಒಂದು ಇಳಿತಕ್ಕೆ 20 ಕೆಜಿ, ಕೆಜಿಗೆ 40 ರೂ., 800 ಆಯಿತು. ನಾಲ್ಕು ತಾಸಿನ ದುಡಿಮೆ 300, ದೋಣಿಯ ಪಾಲು 100 ಕಳೆದರೆ ಉಳಿಯುವ 400 ಮಾತ್ರ ಹೊಳೆಯ ಕೊಡುಗೆ. ಬಹಳ ಜನ 800ನ್ನೇ ಬರೆದುಬಿಡುತ್ತಾರೆ.

ಭರತ_ಇಳಿತ: ಸರ್ವೆಗೆ ಪಂಚಾಂಗ ಇಟ್ಟುಕೊಳ್ಳಿ, ತಮಾಷೆಯಲ್ಲ. ಅಮಾವಾಸ್ಯೆ, ಹುಣ್ಣಿಮೆ ಸುತ್ತ ನೀರು ಹೆಚ್ಚು ಇಳಿಯುತ್ತದೆ, ಅಷ್ಟಮಿ ಸುತ್ತ ಕಡಿಮೆ. ಒಂದೇ ವಾರದ ಅಂಕಿಯನ್ನು 52ರಿಂದ ಗುಣಿಸಿದರೆ ವರ್ಷದ ಲೆಕ್ಕ ಸುಳ್ಳಾಗುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ದಿನಾ ಬೆಳಿಗ್ಗೆ ಹತ್ತಕ್ಕೇ ಹೋದರೆ ಕೆಲವು ದಿನ ಮನೆಯಲ್ಲಿ ಸಿಗುವವರು ಹೊಳೆಗೆ ಇಳಿಯದವರೇ.

ಕುಮಟಾ_ಎಂಎ: ಮಾಸ್ತರೇ, ಚಿಪ್ಪಿಕಲ್ಲು ಹೆಕ್ಕುವ ಹೆಂಗಸರ ದುಡಿಮೆಗೆ ಪೂರ್ತಿ ಕೂಲಿ ಕಳೆಯಬೇಕಾ?

ಲೆಕ್ಕದ_ಮಾಸ್ತರ: ಆ ಹೊತ್ತಿಗೆ ಬೇರೆ ಕೆಲಸ ಸಿಗುತ್ತಿತ್ತೇ ಎಂಬುದರ ಮೇಲೆ ಹೋಗುತ್ತದೆ. ಸಿಗುತ್ತಿರಲಿಲ್ಲವಾದರೆ ಪೂರ್ತಿ ಕಳೆಯುವುದು ತಪ್ಪು. ಪೂರ್ತಿ, ಅರ್ಧ, ಕಾಲು ಅಂತ ಮೂರು ಲೆಕ್ಕ ಕೊಡಿ. ಯಾರು ಬೇಕಾದರೂ ಇಳಿಯಬಹುದಾದ ಕಡೆ ಜನ ಹೆಚ್ಚಿದಂತೆ ಉಳಿಕೆ (ಖರ್ಚು ಕಳೆದು ಉಳಿಯುವ ಹಣ) ಕರಗುತ್ತದೆ, 1954ರಲ್ಲೇ ಅರ್ಥಶಾಸ್ತ್ರಜ್ಞ ಗಾರ್ಡನ್ ಮೀನುಗಾರಿಕೆಗೆ ಇದನ್ನು ತೋರಿಸಿದ್ದರು. ಹಾಗಾಗಿ ಉಳಿಕೆ ಸೊನ್ನೆ ಬಂದರೆ ಹೊಳೆಗೆ ಬೆಲೆಯಿಲ್ಲ ಅಂತ ಬರೆಯಬೇಡಿ.

ಶಿರಸಿ_ಪೇಟೆ: ನೆಟ್ ಬಗ್ಗೆ ಒಂದು ಮಾತು. 2024ರಿಂದ ಜೆಆರ್‌ಎಫ್ (ಸಂಶೋಧನಾ ವೇತನ) ಸಿಗದಿದ್ದರೂ ನೆಟ್ ಅಂಕಗಳಿಂದ ಪಿಎಚ್‌ಡಿ ಪ್ರವೇಶಕ್ಕೆ ಅರ್ಹತೆ ಸಿಗಬಹುದು: ನೆಟ್‌ಗೆ ಶೇ 70, ಸಂದರ್ಶನಕ್ಕೆ ಶೇ 30. ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ), ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್ ಎರಡರಲ್ಲೂ ಈ ವಿಷಯದವರಿದ್ದಾರೆ. ಅರ್ಜಿಗೆ ಮೊದಲು ಇಕನಾಮೆಟ್ರಿಕ್ಸ್ (ಅರ್ಥಶಾಸ್ತ್ರದ ಅಂಕಿಅಂಶ ವಿಶ್ಲೇಷಣೆ) ಗಟ್ಟಿ ಮಾಡಿಕೊಳ್ಳಿ, ಸಂದರ್ಶನದಲ್ಲಿ ಅಲ್ಲೇ ತಡವರಿಸುವುದು.