ಮೂರು ದಿನ, ಆರು ಊರು, ಅತ್ತೆಯ ಮಂಡಿನೋವು: ಹೋಗಿ ಬಂದವರು ಹೇಳಿ

ಕುವೆಂಪುನಗರದವಳು:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಬಳ್ಳಾರಿಯಿಂದ ನಾದಿನಿ ಮನೆಯವರು ಬರುತ್ತಿದ್ದಾರೆ. ಮೂರು ದಿನ ಇರುತ್ತಾರೆ. ಅರಮನೆ, ಝೂ ಎರಡು ಸಲ ಆಗಿದೆ, ಬೇಡವಂತೆ. ಹಳೇ ಗುಡಿ, ಕೋಟೆ, ಹೊಳೆ, ಹಕ್ಕಿ ಇಂಥದ್ದು ಬೇಕಂತೆ. ಶ್ರೀರಂಗಪಟ್ಟಣ, ರಂಗನತಿಟ್ಟು, ಮೇಲುಕೋಟೆ, ಸೋಮನಾಥಪುರ, ತಲಕಾಡು, ಶಿವನಸಮುದ್ರ ಅಂತ ಬರೆದಿಟ್ಟಿದ್ದೇನೆ. ಒಟ್ಟು ಏಳು ಜನ. ಅತ್ತೆಗೆ ಮಂಡಿನೋವು, ಮೆಟ್ಟಿಲು ಆಗಲ್ಲ. ಯಾವ ದಿನ ಯಾವ ಕಡೆ ಹೋದರೆ ಸರಿ? ಹನ್ನೊಂದು ವರ್ಷದಿಂದ ಮೈಸೂರಲ್ಲೇ ಇದ್ದೇನೆ, ಸೋಮನಾಥಪುರ ನೋಡಿಲ್ಲ. ಬೈಬೇಡಿ.

ಲೆಕ್ಕದ ರಾಯರು:
ಬೈಯಲ್ಲ ಬಿಡಿ ಮೇಡಂ. ಆದರೆ ಗಾಡಿ ಮಾತಾಡುವ ಮೊದಲು ಇದನ್ನು ಓದಿ. ಹೋದ ವರ್ಷ ಇದೇ ಸುತ್ತು ನಾವೂ ಹೊಡೆದೆವು. ಏಳು ಸೀಟಿನ ಗಾಡಿ, ಕಿಲೋಮೀಟರಿಗೆ 18 ರೂಪಾಯಿ. ಅಗ್ಗ ಅನ್ನಿಸಿತು. ದಿನಕ್ಕೆ ಕನಿಷ್ಠ 250 ಕಿ.ಮೀ. ಲೆಕ್ಕ ಅಂತ ಫೋನಿನಲ್ಲೇ ಹೇಳಿದ್ದರಂತೆ, ನನ್ನ ಕಿವಿಗೆ ಬಿದ್ದಿಲ್ಲ. ಮೂರು ದಿನಕ್ಕೆ 750 ಕಿ.ಮೀ., ಅಂದರೆ 13,500. ಡ್ರೈವರ್ ಬಾಟಾ ದಿನಕ್ಕೆ 500ರಂತೆ 1,500. ಪಾರ್ಕಿಂಗು, ಅವನ ಊಟ ಸೇರಿ 640. ಒಟ್ಟು 15,640. ಗಾಡಿ ಓಡಿದ್ದು ಎಷ್ಟು ಗೊತ್ತಾ? ಗ್ಯಾರೇಜಿನಿಂದ ಗ್ಯಾರೇಜಿಗೆ 412! ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

ಇನ್ನು ಮೇಲುಕೋಟೆ. ದಾರಿಯಲ್ಲಿ ಡ್ರೈವರ್ ಒಂದು ಸೀರೆ ಅಂಗಡಿ ಮುಂದೆ ನಿಲ್ಲಿಸಿದ. "ಸುಮ್ನೆ ನೋಡಿ ಬನ್ನಿ ಸರ್, ತಗೋಳೋದೇನೂ ಬೇಡ" ಅಂದ. ಹೆಂಗಸರು ಸುಮ್ಮನೆ ನೋಡಲು ಐವತ್ತು ನಿಮಿಷ. ಚೆಲುವನಾರಾಯಣನ ಬಾಗಿಲಿಗೆ ಹೋದಾಗ ಮಧ್ಯಾಹ್ನ ಹಾಕಿಯಾಗಿತ್ತು. ಸಂಜೆ ತೆಗೆಯುವ ತನಕ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆವು. ಪುಳಿಯೋಗರೆ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನಮ್ಮಮ್ಮ ಹಟ ಹಿಡಿದು ಯೋಗಾನರಸಿಂಹನ ಬೆಟ್ಟ ಹತ್ತಿದರು. ನೂರೈವತ್ತು ಮೆಟ್ಟಿಲ ತನಕ ಎಣಿಸಿದೆ, ಆಮೇಲೆ ಎಣಿಸಲು ಉಸಿರಿರಲಿಲ್ಲ. ಅಮ್ಮ ನನಗಿಂತ ಮುಂಚೆ ಮೇಲಿದ್ದರು.

ಬನ್ನೂರಿನ ಸೊಸೆ:
15,640 ರೂಪಾಯಿಯಾ! ನಾನು, ಅತ್ತೆ, ಮಗಳು ಬಸ್ಸಿನಲ್ಲಿ ಹೋಗಿ ಬಂದೆವು. ಮೂವರಿಗೂ ಸೊನ್ನೆ ರೂಪಾಯಿ. ಯಜಮಾನರ ಟಿಕೆಟ್ಟಿಗಷ್ಟೇ ಖರ್ಚು. ಸಬರ್ಬ್ ಸ್ಟ್ಯಾಂಡಿನಿಂದ ಬನ್ನೂರು, ಅಲ್ಲಿಂದ ಸೋಮನಾಥಪುರ. ಬೆಳಿಗ್ಗೆ ಒಂಬತ್ತಕ್ಕೆ ಗುಡಿಯಲ್ಲಿ ನಾವು ನಾಲ್ಕೇ ಜನ. ಹದಿಮೂರನೇ ಶತಮಾನದಲ್ಲಿ ಹೊಯ್ಸಳರ ಸೋಮನಾಥ ದಂಡನಾಯಕ ಕಟ್ಟಿಸಿದ್ದು. ಪೂಜೆ ಇಲ್ಲ, ನೂಕುನುಗ್ಗಲಿಲ್ಲ, ಗಂಟೆ ಸದ್ದಿಲ್ಲ. ಎಲ್ಲರೂ ಹೊರಗೋಡೆ ನೋಡಿ ಫೋಟೋ ತೆಗೆದು ಹೊರಟುಬಿಡುತ್ತಾರೆ. ಒಳಗೆ ಹೋಗಿ ತಲೆ ಎತ್ತಿ. ಕಲ್ಲಿನ ಬಾಳೆಮೊಗ್ಗು ಮೇಲಿಂದ ಇಳಿಬಿದ್ದಿದೆ, ಎಸಳು ಎಸಳಾಗಿ. ಒಂದರ ಹಾಗೆ ಇನ್ನೊಂದಿಲ್ಲ. ನಮ್ಮತ್ತೆ ಗೋಡೆಗೆ ಒರಗಿ ಕೂತು ಅರ್ಧ ಗಂಟೆ ಬರೀ ಅದನ್ನೇ ನೋಡಿದರು. "ಇದನ್ನ ಪಲ್ಯ ಮಾಡಕ್ಕಾಗಲ್ಲ ಅನ್ನೋದೊಂದೇ ಕೊರತೆ" ಅಂದರು.

ಕಷ್ಟ ಇಲ್ಲ ಅಂತ ಹೇಳಲ್ಲ. ಅಲ್ಲಿಂದ ತಲಕಾಡಿಗೆ ನಮಗೆ ನೇರ ಬಸ್ಸು ಸಿಗಲಿಲ್ಲ. ತಿ. ನರಸೀಪುರದ ಸ್ಟ್ಯಾಂಡಿನಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕಾದೆವು. ಮಗಳು ಎರಡು ಸಲ ಅತ್ತಳು, ನಾನು ಒಂದು ಸಲ. ಆದರೂ ಡ್ರೈವರನ ಸೀರೆ ಅಂಗಡಿ ಇರಲಿಲ್ಲ ನೋಡಿ.

ಲೆಕ್ಕದ ರಾಯರು:
ಸೊನ್ನೆ ರೂಪಾಯಿ ಅಂತ ಹೆಮ್ಮೆ ಬೇಡ ಮೇಡಂ. ಆ ಟಿಕೆಟ್ಟಿನ ದುಡ್ಡು ನಮ್ಮಂಥವರ ತೆರಿಗೆಯಿಂದ ಬಂದಿದ್ದು.

ಬನ್ನೂರಿನ ಸೊಸೆ:
ನಾವೂ ಕಟ್ಟುತ್ತೇವೆ ಸ್ವಾಮಿ. ಸೋಪಿನಿಂದ ಹಿಡಿದು ಮಗಳ ಪೆನ್ಸಿಲ್ ತನಕ. 2023ರ ಜೂನ್‌ನಿಂದ ಫ್ರೀ ಇದೆ, ನಿಮ್ಮ ಮನೆ ಹೆಂಗಸರು ಒಂದು ದಿನವೂ ಹತ್ತಿಲ್ಲವಾ? ಕೇಳಿ ನೋಡಿ.

ಸ್ಕೂಟರ್ ಮೇಷ್ಟ್ರು:
ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ನಾನು ಮತ್ತು ನನ್ನಾಕೆ ಸ್ಕೂಟರಿನಲ್ಲಿ ಹೋದವರು. ಮೂರು ದಿನಕ್ಕೆ ಪೆಟ್ರೋಲು 890 ರೂಪಾಯಿ. ಬೆಂಗಳೂರು-ಮೈಸೂರು ಹೊಸ ಹೈವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಸ್ಕೂಟರು ಬಿಡುವುದಿಲ್ಲ ಅನ್ನುವುದು ನನಗೆ ಮರೆತೇ ಹೋಗಿತ್ತು. ಪೊಲೀಸಪ್ಪ ಕೈ ಅಡ್ಡ ಹಾಕಿ ಸರ್ವಿಸ್ ರಸ್ತೆಗೆ ಅಟ್ಟಿದ. ಅಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದು ಜಲ್ಲೆ ಜಾರಿ ನನ್ನ ಹೆಲ್ಮೆಟ್ಟಿಗೆ ಬಡಿಯಿತು. ಹೊಸ ಹೆಲ್ಮೆಟ್ 1,150. ಪೆಟ್ರೋಲಿಗಿಂತ ಅದೇ ಜಾಸ್ತಿ.

ಶ್ರೀರಂಗಪಟ್ಟಣಕ್ಕೆ ಅರ್ಧ ದಿನ ಅಂತ ಇಟ್ಟುಕೊಂಡವರು ಮೋಸ ಹೋದ ಹಾಗೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಒಂದಕ್ಕೇ ನನಗೆ ಎರಡು ಗಂಟೆ ಹಿಡಿಯಿತು. ಪಶ್ಚಿಮದ ಗೋಡೆ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಸೋತ ಬ್ರಿಟಿಷ್ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಸುತ್ತ ಕುದುರೆ, ಕತ್ತಿ, ಉರುಳಿದ ತಲೆಗಳು. ಕಾವಲಿನವರು ಮೂರು ಸಲ "ಮುಟ್ಟಬೇಡಿ ಸಾರ್" ಅಂದರು. ನಾನು ಮುಟ್ಟಿರಲಿಲ್ಲ, ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿದ್ದೆ ಅಷ್ಟೆ. ಆಮೇಲೆ ಟಿಪ್ಪುವಿನ ಗೋರಿ ಇರುವ ಗುಂಬಜ್, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ, ಸಂಗಮ. ರೈಲ್ವೆಯವರು 2017ರಲ್ಲಿ ಜೋಡಿ ಹಳಿಗೆ ಜಾಗ ಬೇಕು ಅಂತ ಟಿಪ್ಪುವಿನ ಶಸ್ತ್ರಾಗಾರವನ್ನು ಒಡೆಯದೆ ಇಡಿಯಾಗಿ ಎತ್ತಿ ಆಚೆಗೆ ಸರಿಸಿದರಲ್ಲ, ಅದನ್ನೂ ನೋಡಿ. ಅರ್ಧ ಜನಕ್ಕೆ ಅದು ಅಲ್ಲಿದೆ ಅಂತಲೇ ಗೊತ್ತಿಲ್ಲ.

ಮಂಡ್ಯದವ:
ಎಲ್ಲರೂ ಮೈಸೂರು ಟ್ರಿಪ್ ಮೈಸೂರು ಟ್ರಿಪ್ ಅನ್ನುತ್ತೀರಲ್ಲ, ಒಂದು ಮಾತು ಕೇಳುತ್ತೇನೆ. ಶ್ರೀರಂಗಪಟ್ಟಣ ಯಾವ ಜಿಲ್ಲೆ? ರಂಗನತಿಟ್ಟು? ಮೇಲುಕೋಟೆ? ಶಿವನಸಮುದ್ರದ ಗಗನಚುಕ್ಕಿ ಜಲಪಾತ? ಕನ್ನಂಬಾಡಿ ಕಟ್ಟೆ, ಬೃಂದಾವನ? ಎಲ್ಲ ಮಂಡ್ಯ! ನೋಡುವುದೆಲ್ಲ ನಮ್ಮಲ್ಲಿ, ಲಾಡ್ಜು, ಊಟ, ಮೈಸೂರುಪಾಕು ಅಂತ ದುಡ್ಡು ಸುರಿಯುವುದೆಲ್ಲ ನಿಮ್ಮಲ್ಲಿ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದು ಶಿವನಸಮುದ್ರ. ಬೋರ್ಡು ಮಾತ್ರ ಮೈಸೂರು.

ನಾನು ನೆಂಟರನ್ನು ಬಸರಾಳಿಗೆ ಕರೆದುಕೊಂಡು ಹೋಗುತ್ತೇನೆ. ಮಲ್ಲಿಕಾರ್ಜುನನ ಗುಡಿ, ಹೊಯ್ಸಳರದ್ದೇ, ಸೋಮನಾಥಪುರಕ್ಕಿಂತ ಹಳೆಯದು. ಹೋದ ಸಲ ಬಾಗಿಲಿಗೆ ಬೀಗ. ಬೀಗದ ಕೈ ಇದ್ದವರು ಮದುವೆಗೆ ಹೋಗಿದ್ದರು. ಒಂದೂವರೆ ಗಂಟೆ ಕಾದು, ಎದುರು ಮನೆ ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ಹೊರಗಿನಿಂದಲೇ ನೋಡಿ ಬಂದೆವು. ಆದರೂ ಹೇಳುತ್ತೇನೆ, ಹೋಗಿ.

ಲೆಕ್ಕದ ರಾಯರು:
ಸೋಮನಾಥಪುರ, ತಲಕಾಡು ಎರಡೂ ತಿ. ನರಸೀಪುರ ತಾಲ್ಲೂಕು, ಮೈಸೂರು ಜಿಲ್ಲೆ. ಶಿವನಸಮುದ್ರದ ಇನ್ನೊಂದು ಜಲಪಾತ ಭರಚುಕ್ಕಿ ಚಾಮರಾಜನಗರದ್ದು. ಅರ್ಧ ಜಲಪಾತ ಹಿಡಿದುಕೊಂಡು ಇಷ್ಟು ಕೂಗಾಟವಾ? ಬೀಗ ಹಾಕಿದ ಗುಡಿಗೆ ಹೋಗಿ ಅಂತ ಸಲಹೆ ಬೇರೆ.

ಮಂಡ್ಯದವ:
ಬಾಗಿಲು ಹಾಕಿದ ಮೇಲೆ ಮೇಲುಕೋಟೆಗೆ ಹೋದವರು ಯಾರು ಸ್ವಾಮಿ?

ಹಕ್ಕಿ ಹುಚ್ಚ:
ನೀರಿನ ಬಗ್ಗೆ ಯಾರೂ ಹೇಳುತ್ತಿಲ್ಲವಲ್ಲ. ನಾನು ಸುಟ್ಟುಕೊಂಡವನು, ಅದಕ್ಕೇ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಗೆಳೆಯರನ್ನು ಶಿವನಸಮುದ್ರಕ್ಕೆ ಕರೆದುಕೊಂಡು ಹೋದೆ. ಗಗನವೂ ಇಲ್ಲ, ಚುಕ್ಕಿಯೂ ಇಲ್ಲ. ಬರೀ ಬಂಡೆ. ಒಂದು ಮೂಲೆಯಲ್ಲಿ ನಲ್ಲಿ ಬಿಟ್ಟ ಹಾಗೆ ನೀರು. ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ.

ಬುದ್ಧಿ ಬಂತು ಅಂತ ಮುಂದಿನ ವರ್ಷ ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು ಅಂತ ಪೇಪರಿನಲ್ಲಿ ನೋಡಿದ ವಾರವೇ ಓಡಿದೆ. ಜಲಪಾತ ನೋಡಿ ಮೈ ಜುಮ್ಮೆಂದಿತು. ಅಷ್ಟು ದೂರ ನಿಂತರೂ ಅಂಗಿ ಒದ್ದೆ. ಮಾರನೇ ದಿನ ರಂಗನತಿಟ್ಟಿಗೆ ಹೋದರೆ, ಹೊಳೆ ತುಂಬಿದೆ, ದೋಣಿ ಇಲ್ಲ ಅಂದರು. ಕೊಕ್ಕರೆ ಕೂರುವ ಬಂಡೆಗಳೇ ಮುಳುಗಿದ್ದವು. ಸಲೀಂ ಅಲಿ ಹೇಳಿದ್ದರಿಂದ 1940ರಲ್ಲಿ ಪಕ್ಷಿಧಾಮ ಆದ ಜಾಗ, ನಾನು ನೋಡಿದ್ದು ಕೆಂಪು ನೀರು ಮತ್ತು ಒಂದು ಕಾಗೆ. ಜಲಪಾತ ತುಂಬಿ ಭೋರ್ಗರೆಯುವಾಗ ದೋಣಿ ನಿಲ್ಲುತ್ತದೆ, ಮರದ ತುಂಬ ಗೂಡು ಇರುವಾಗ ಬಂಡೆ ಒಣಗುತ್ತದೆ. ನನ್ನ ಓಟು ಹಕ್ಕಿಗೆ. ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಹುಣಸೆ ಮರದಲ್ಲಿ ಹೆಜ್ಜಾರ್ಲೆ ಗೂಡು, ಕೆಳಗೆ ಮನೆ, ಅಂಗಳದಲ್ಲಿ ಪಾತ್ರೆ ತೊಳೆಯುವ ಹೆಂಗಸು. ತಲೆ ಮೇಲೆ ಟವೆಲ್ ಹಾಕಿಕೊಂಡಿರಿ. ನನ್ನ ಕ್ಯಾಮೆರಾ ಬ್ಯಾಗ್ ತೊಳೆಸಲು 350 ಕೊಟ್ಟೆ, ಮೀನಿನ ವಾಸನೆ ಇನ್ನೂ ಹೋಗಿಲ್ಲ.

ಬನ್ನೂರಿನ ಸೊಸೆ:
ತಲಕಾಡು ಬಿಡಬೇಡಿ. ಕೀರ್ತಿನಾರಾಯಣನ ಗುಡಿಯನ್ನು ಮರಳು ಬಗೆದು ತೆಗೆದಿದ್ದಾರೆ. ಪಾತಾಳೇಶ್ವರನಿಗೆ ಕೆಳಗೆ ಇಳಿಯಬೇಕು. ಊರು ಮರಳಾಗಲಿ ಅಂದ ಅಲಮೇಲಮ್ಮನ ಶಾಪ ಸುಳ್ಳಲ್ಲ ಅಂತ ಅಲ್ಲಿ ನಿಂತರೆ ಅನ್ನಿಸುತ್ತದೆ.

ಸ್ಕೂಟರ್ ಮೇಷ್ಟ್ರು:
ಶಾಪ ಅಲ್ಲಮ್ಮ. ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಹೊಳೆಯ ಪಾತ್ರದಲ್ಲಿ ಮರಳು ಬಯಲಾಯಿತು, ಗಾಳಿ ಅದನ್ನು ಊರ ಮೇಲೆ ಹೊತ್ತು ತಂದಿತು ಅನ್ನುವ ವಾದ ಇದೆ. ನಾನು ಮಕ್ಕಳಿಗೆ ಅದನ್ನೇ ಹೇಳುವುದು.

ಬನ್ನೂರಿನ ಸೊಸೆ:
"ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ" ಅಂತ ಹೇಳಿದಳು, ಆಯಿತು. ಮಾಲಂಗಿ ಮಡುವಿಗೂ ಗಾಳಿಯೇ ಕಾರಣವಾ ಮೇಷ್ಟ್ರೇ?

ಸ್ಕೂಟರ್ ಮೇಷ್ಟ್ರು:
ಹೊಳೆ ತಿರುಗುವ ಕಡೆ ಮಡು ಆಗುತ್ತದೆ ತಾಯಿ. ಏಳನೇ ಕ್ಲಾಸಿನ ಪಾಠ.

ಬನ್ನೂರಿನ ಸೊಸೆ:
ನಾನು ಎಂ.ಎ. ಮಾಡಿದ್ದೇನೆ.

ಮಂಡ್ಯದವ:
ಹೊಳೆಗೆ ಮಾತ್ರ ಇಳಿಯಬೇಡಿ, ಸಂಗಮದಲ್ಲಾಗಲಿ, ತಲಕಾಡಲ್ಲಾಗಲಿ. ನೋಡಲು ಮಂಡಿಯುದ್ದ, ಒಳಗೆ ಸುಳಿ. ನಮ್ಮ ಬೀದಿಯ ಹುಡುಗನೊಬ್ಬ ಹೋಗಿ ಆರು ವರ್ಷವಾಯಿತು. ಜಗಳ ಆಮೇಲೆ ಆಡೋಣ.

ಕುವೆಂಪುನಗರದವಳು:
ಎಲ್ಲರಿಗೂ ಥ್ಯಾಂಕ್ಸ್. ಹೊಳೆಗೆ ಯಾರನ್ನೂ ಇಳಿಸಲ್ಲ, ಖಂಡಿತ. ಅತ್ತೆಗೆ ಮೆಟ್ಟಿಲು ಆಗಲ್ಲ ಅಂತ ಬರೆದಿದ್ದೆ, ಅದಕ್ಕೆ ಯಾರೂ ಏನೂ ಹೇಳಲಿಲ್ಲ. ಇರಲಿ. ಮೊದಲ ದಿನ ಸೋಮನಾಥಪುರ, ತಲಕಾಡು. ಎರಡನೇ ದಿನ ಶ್ರೀರಂಗಪಟ್ಟಣ, ರಂಗನತಿಟ್ಟು. ಮೂರನೇ ದಿನ ಬೆಳಿಗ್ಗೆಯೇ ಮೇಲುಕೋಟೆ, ಬೆಟ್ಟ ಹತ್ತಲ್ಲ. ಶಿವನಸಮುದ್ರ ಮಳೆಗಾಲಕ್ಕೆ. ಏಳು ಜನಕ್ಕೆ ಬಸ್ಸು ಕಷ್ಟ, ಗಾಡಿಯೇ ಮಾಡುತ್ತೇವೆ. ಕಿಲೋಮೀಟರಿಗೆ 17 ಹೇಳಿದ್ದಾರೆ, ಸರಿ ಇದೆಯಾ ರಾಯರೇ?

ಲೆಕ್ಕದ ರಾಯರು:
17 ಬಿಡಿ ಮೇಡಂ, ದಿನಕ್ಕೆ ಕನಿಷ್ಠ ಎಷ್ಟು ಅಂತ ಕೇಳಿ. ಬರವಣಿಗೆಯಲ್ಲಿ ತಗೊಳ್ಳಿ. 750ರಲ್ಲಿ 412 ಕಳೆದರೆ 338. ಅದನ್ನು 18ರಿಂದ ಗುಣಿಸಿ. 6,084 ರೂಪಾಯಿ. ಓಡದ ದಾರಿಗೆ!