ಹೆಸರಘಟ್ಟದ ಹುಲ್ಲುಗಾವಲು ‘ಬರಡು ನೆಲ’ ಅನ್ನುವವರಿಗೆ ಏನು ಹೇಳೋದು?

ಸೋಮಾರಿ_ಕೊಕ್ಕರೆ

ನಮ್ಮ ಚಿಕ್ಕಪ್ಪನ ಊರು ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹತ್ತಿರ. ಹೋದ ಭಾನುವಾರ ಊಟಕ್ಕೆ ಹೋಗಿದ್ದೆ. ಹುಲ್ಲುಗಾವಲಿನ ಮಾತು ಬಂತು, ತಟ್ಟೆಯಲ್ಲಿದ್ದ ಮುದ್ದೆ ಆರಿಹೋಯಿತು. ‘ಅಲ್ಲಿ ಮರ ಇಲ್ಲ, ಬೆಳೆ ಇಲ್ಲ, ಸುಮ್ನೆ ಬಿದ್ದಿರೋ ಬರಡು ನೆಲ. ಅಲ್ಲಿ ಕಟ್ತೀವಿ ಅಂದಿದ್ದ ಫಿಲ್ಮ್ ಸಿಟಿ ಬಂದಿದ್ರೆ ನಮ್ ಹುಡುಗರಿಗೆ ಕೆಲಸ ಸಿಗ್ತಿತ್ತು. ನೀವು ಕ್ಯಾಮೆರಾ ನೇತಾಕ್ಕೊಂಡು ಬರ್ತೀರ, ಇಡ್ಲಿ ತಿಂದು ಹೋಗ್ತೀರ’ ಅಂದರು ಚಿಕ್ಕಪ್ಪ. ನಾನು ಹಕ್ಕಿ ಹಕ್ಕಿ ಅಂದೆ, ಮನೆಯವರೆಲ್ಲ ನಕ್ಕರು.

ವಾಪಸ್ ಬರುವಾಗ ನೋಡಿದರೆ ಹುಲ್ಲುಗಾವಲಿನ ಪಕ್ಕದಲ್ಲೇ ಒಂದು ಲೇಔಟಿನ ಬೋರ್ಡು ನಿಂತಿದೆ, ಜೆಸಿಬಿಯೂ ನಿಂತಿದೆ. ಅದಕ್ಕೆ ಅನುಮತಿ ಇದೆಯೋ ಇಲ್ಲವೋ ನಮ್ಮಂಥವರು ತಿಳಿದುಕೊಳ್ಳೋದು ಹೇಗೆ? ಮತ್ತೆ ಚಿಕ್ಕಪ್ಪನಿಗೆ ಏನು ಹೇಳಲಿ?

ಹಳೇ_ದುರ್ಬೀನು

ಮರ ಇಲ್ಲ ಅನ್ನೋದೇ ಅದರ ವಿಶೇಷ ಸ್ವಾಮಿ. ಹುಲ್ಲುಗಾವಲು ಅಂದರೆ ಕಾಡು ಹಾಳಾಗಿ ಉಳಿದ ಜಾಗ ಅಲ್ಲ, ಅದು ಬೇರೆಯೇ ಒಂದು ಜಗತ್ತು. ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಹ್ಯಾರಿಯರ್ ಹದ್ದುಗಳು ಬರುತ್ತವೆ, ಅವು ರಾತ್ರಿ ಮಲಗೋದು ಮರದ ಮೇಲಲ್ಲ, ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ. ದೇಶದಲ್ಲೇ ಅಪರೂಪವಾಗಿರೋ ಲೆಸ್ಸರ್ ಫ್ಲೋರಿಕನ್ ಅನ್ನೋ ಹುಲ್ಲುಗಾವಲಿನ ಹಕ್ಕಿ ಕೂಡ ಇಲ್ಲಿ ಕಾಣಿಸಿಕೊಂಡಿದೆ. ಒಳ್ಳೇ ಮನಸ್ಸಿನಿಂದಲೇ ಅಲ್ಲಿ ಸಾಲಾಗಿ ಸಸಿ ನೆಟ್ಟರೂ ಈ ಹಕ್ಕಿಗಳಿಗೆ ಅದು ಕಟ್ಟಡ ಕಟ್ಟಿದಷ್ಟೇ ಸಮ.

ಇನ್ನು ಇತಿಹಾಸ. ಇದನ್ನು ಸಂರಕ್ಷಣಾ ಮೀಸಲು, ಅಂದರೆ ಕಾನೂನಿನ ರಕ್ಷಣೆ ಇರೋ ವನ್ಯಜೀವಿ ಜಾಗ ಮಾಡಬೇಕು ಅನ್ನೋ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತ್ತು. ಜನ ಬಿಡಲಿಲ್ಲ, ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ ಒಪ್ಪಿತು, 5,000 ಎಕರೆಗೂ ಜಾಸ್ತಿ ಜಾಗಕ್ಕೆ. ಮೂರು ವರ್ಷದಲ್ಲಿ ನೆಲ ಬದಲಾಗಲಿಲ್ಲ, ಬದಲಾಗಿದ್ದು ಒತ್ತಡ.

ಗೋಮಾಳದ_ಹೈದ

ನಾನು ಆ ಕಡೆಯವನೇ. ದುರ್ಬೀನಣ್ಣ ಹೇಳಿದ್ದು ಸರಿ, ಆದರೆ ಇದನ್ನೇ ಚಿಕ್ಕಪ್ಪನ ಮುಂದೆ ಹೇಳಿದರೆ ಮತ್ತೆ ನಗ್ತಾರೆ. ಹ್ಯಾರಿಯರ್ ಕಟ್ಟಿಕೊಂಡು ನಮಗೇನು? ನಮ್ಮೂರಲ್ಲಿ ಜನ ಹೆದರಿದ್ದು ಬೇರೆ ಕಾರಣಕ್ಕೆ. ಮೀಸಲು ಅಂತ ಆದರೆ ಅರಣ್ಯ ಇಲಾಖೆಯವರು ಬೇಲಿ ಹಾಕ್ತಾರೆ, ದನ ಕುರಿ ಬಿಡಂಗಿಲ್ಲ, ಕೊನೆಗೆ ನಮ್ಮ ಹೊಲಕ್ಕೆ ಹೋಗೋಕೂ ಅವರನ್ನೇ ಕೇಳಬೇಕು ಅಂತ ಯಾರೋ ಹಬ್ಬಿಸಿದರು. ನಾನೂ ನಂಬಿದ್ದೆ. ಆಮೇಲೆ ಗೊತ್ತಾಯ್ತು, ಸಂರಕ್ಷಣಾ ಮೀಸಲು ಅಂದರೆ ನ್ಯಾಷನಲ್ ಪಾರ್ಕ್ ಅಲ್ಲ. ಅದು ಸರ್ಕಾರಿ ಜಾಗಕ್ಕೆ ಮಾತ್ರ, ಘೋಷಣೆಗೆ ಮುಂಚೆ ಸ್ಥಳೀಯರನ್ನು ಕೇಳಬೇಕು, ನೋಡಿಕೊಳ್ಳೋ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರೂ ಇರಬೇಕು.

ನಿಮ್ಮ ಚಿಕ್ಕಪ್ಪನ ಹತ್ತಿರ ನೀರಿನ ಮಾತು ಎತ್ತಿ. ಈ ಸೀಮೆಯ ನೀರು ಹರಿಯೋದು ಅರ್ಕಾವತಿಗೆ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಹೋಗಿದ್ದು ಹೆಸರಘಟ್ಟ ಕೆರೆಯಿಂದ, ಮುಂದೆ ಅದೇ ನದಿಗೆ ತಿಪ್ಪಗೊಂಡನಹಳ್ಳಿ ಅಣೆಕಟ್ಟು ಬಂತು. ಹುಲ್ಲಿನ ಮೇಲೆ ಬಿದ್ದ ಮಳೆ ನಿಧಾನಕ್ಕೆ ಇಂಗುತ್ತೆ, ಕಾಂಕ್ರೀಟಿನ ಮೇಲೆ ಬಿದ್ದಿದ್ದು ಚರಂಡಿಗೆ ಓಡುತ್ತೆ. ಅವರ ಬೋರು ಎಷ್ಟು ಅಡಿಗೆ ಇಳಿದಿದೆ, ಅವರಪ್ಪನ ಕಾಲದಲ್ಲಿ ಬಾವಿಯಲ್ಲಿ ಎಷ್ಟಕ್ಕೆ ನೀರಿತ್ತು ಕೇಳಿ. ಅವರೇ ಲೆಕ್ಕ ಹಾಕಿಕೊಳ್ತಾರೆ. ಮತ್ತೆ ಫಿಲ್ಮ್ ಸಿಟಿ ಬಂದಿದ್ರೆ ನಮ್ಮ ಹುಡುಗರಿಗೆ ಏನು ಕೆಲಸ, ಗೇಟಲ್ಲಿ ಸೆಕ್ಯೂರಿಟಿ ಅಲ್ವಾ?

ಕಡತ_ಕೆದಕುವವ

ಲೇಔಟಿನ ವಿಷಯ. ಬೋರ್ಡಿಗೆ ಕಲ್ಲು ಹೊಡೆಯೋದು, ಫೇಸ್‌ಬುಕ್ಕಲ್ಲಿ ಬಯ್ಯೋದು ಆಮೇಲೆ. ಮೊದಲು ಸರ್ವೆ ನಂಬರ್ ಹಿಡಿಯಿರಿ. ಸರ್ಕಾರದ ‘ಭೂಮಿ’ ಪೋರ್ಟಲಲ್ಲಿ ಪಹಣಿ (ಜಮೀನಿನ ದಾಖಲೆ) ತೆಗೆದರೆ ಅದು ಖಾಸಗಿ ಹಿಡುವಳಿಯೋ ಸರ್ಕಾರಿಯೋ ಗೊತ್ತಾಗುತ್ತೆ. ಆಮೇಲೆ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ನಂಬರ್ ಯಾವ ವಲಯದಲ್ಲಿದೆ ನೋಡಿ. ಕೃಷಿ ವಲಯ ಅಥವಾ ಹಸಿರು ಪಟ್ಟಿಯಲ್ಲಿದ್ದರೆ ಮನೆ ಲೇಔಟಿಗೆ ಮುಂಚೆ ಭೂಬಳಕೆ ಬದಲಾವಣೆ ಆಗಬೇಕು. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ 14ಎ ಕಲಂ. ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಲೇಬೇಕು. ಈ ಪ್ರಕಟಣೆ ಒಳಗಿನ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರುತ್ತೆ, ಯಾರೂ ಓದಲ್ಲ, ಗಡುವು ಮುಗಿದುಹೋಗುತ್ತೆ. ನಮ್ಮ ಬಡಾವಣೆ ಪಕ್ಕದ ಜಾಗ ಹೋಗಿದ್ದೂ ಹಾಗೇ, ನಾವು ಎಚ್ಚೆತ್ತಾಗ ಪಾಯ ತೆಗೆದಾಗಿತ್ತು.

ಪ್ರಕಟಣೆ ಕಾಣಲಿಲ್ಲ ಅಂದರೆ ಯೋಜನಾ ಪ್ರಾಧಿಕಾರಕ್ಕೆ 10 ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ‘ಅನುಮತಿ ಯಾಕೆ ಕೊಟ್ಟಿರಿ’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರಲ್ಲ. ‘ಈ ಸರ್ವೆ ನಂಬರಿನ ಭೂಬಳಕೆ ಬದಲಾವಣೆ ಆದೇಶ ಮತ್ತು ಲೇಔಟ್ ಅನುಮೋದನೆಯ ನಕಲು ಕೊಡಿ’ ಅಂತ ಕೇಳಿ.

ಇದೆಲ್ಲ ವ್ಯರ್ಥ ಅನ್ನೋರಿಗೆ ಒಂದು ಕಥೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು, ಅದು ಸುಪ್ರೀಂ ಕೋರ್ಟ್ ಮುಟ್ಟಿತು. 1991ರಲ್ಲಿ ನಿವಾಸಿಗಳೇ ಗೆದ್ದರು. ಆ ಎದುರಾಳಿ ಆಸ್ಪತ್ರೆ ಅನ್ನೋದು ನೆನಪಿರಲಿ. ಆಸ್ಪತ್ರೆಗೇ ಪಾರ್ಕಿನ ಜಾಗ ಸಿಗಲಿಲ್ಲ.

ಸೋಮಾರಿ_ಕೊಕ್ಕರೆ

ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಹಕ್ಕಿ ಮಾತು ಎತ್ತಲೇ ಇಲ್ಲ, ಬೋರಿನ ಮಾತು ಎತ್ತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಆ ಲೇಔಟಿನೋರು ನಾಲ್ಕು ಬೋರು ಹೊಡೆಸಿದಾರೆ ಕಣೋ’ ಅಂದರು. ಸರ್ವೆ ನಂಬರ್ ಅವರಿಗೆ ಬಾಯಿಪಾಠ, ಬಟಾ ನಂಬರ್ ಸಮೇತ ಹೇಳಿದರು. ಫಿಲ್ಮ್ ಸಿಟಿ ವಿಷಯದಲ್ಲಿ ಮಾತ್ರ ಇನ್ನೂ ಜಗ್ಗಿಲ್ಲ. ಪಹಣಿ ತೆಗೆದು ಇಲ್ಲೇ ಹಾಕ್ತೀನಿ, ಕಡತದವರೇ, ಆರ್‌ಟಿಐ ಅರ್ಜಿ ಒಮ್ಮೆ ನೋಡಿಕೊಡ್ತೀರಾ?