ಸಹಾಯ ಬೇಕು: ಅಜ್ಜಿಯ 1971ರ ಪತ್ರಗಳಿಗೆ ತಾರೀಕು ಹುಡುಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. 1971ರ ಯುದ್ಧದ ಸಮಯದಲ್ಲಿ ನಮ್ಮ ಅಜ್ಜ ಸೈನ್ಯದಲ್ಲಿದ್ದರು. ಅಜ್ಜಿ ಅವರಿಗೆ ಬರೆದ 23 ಇನ್‌ಲ್ಯಾಂಡ್ ಪತ್ರಗಳು ಟ್ರಂಕಿನಲ್ಲಿ ಸಿಕ್ಕಿವೆ. ವಿಳಾಸದಲ್ಲಿ ಊರಿನ ಹೆಸರೇ ಇಲ್ಲ, ಬರೀ 56 ಎಪಿಒ (ಸೈನ್ಯದ ಅಂಚೆ ಕಚೇರಿಯ ನಂಬರ್). ಗಂಡ ಎಲ್ಲಿದ್ದಾನೆ ಅಂತ ಗೊತ್ತಿಲ್ಲದೆ ಅಷ್ಟು ದಿನ ಹೇಗೆ ಕಳೆದರೋ!

ಒಂದರಲ್ಲಿ "ಹಸು ಕರು ಹಾಕಿದೆ, ಹೆಣ್ಣುಗರು" ಅಂತ ಬರೆದು, ಮುಂದಿನ ಸಾಲಿನಲ್ಲೇ "ನಾಲ್ಕು ವಾರ ಆಯ್ತು, ಕಾಗದ ಇಲ್ಲ" ಅಂದಿದ್ದಾರೆ. "ಇಲ್ಲ" ಅನ್ನುವ ಕಡೆ ಪೆನ್ಸಿಲ್ ಒತ್ತಿ ಕಾಗದ ತೂತಾಗಿದೆ.

ತೊಂದರೆ ಏನಂದ್ರೆ, ಅಜ್ಜಿ ತಾರೀಕು ಹಾಕುತ್ತಿರಲಿಲ್ಲ, ವಾರ ಮಾತ್ರ. ಒಂದು ಶನಿವಾರದ ಪತ್ರದಲ್ಲಿ "ನಿನ್ನೆ ಯುದ್ಧ ಶುರುವಾಯ್ತಂತೆ, ರೇಡಿಯೋದಲ್ಲಿ ಹೇಳಿದರು" ಅಂತಿದೆ. ಯುದ್ಧ ಶುರುವಾಗಿದ್ದು ಡಿಸೆಂಬರ್ 3, ಶುಕ್ರವಾರ. ಹಾಗಾಗಿ ಅದು 4ನೇ ತಾರೀಕಿನದು. ಕೆಲವಕ್ಕೆ 5 ಪೈಸೆಯ ನಿರಾಶ್ರಿತರ ಪರಿಹಾರದ ಸ್ಟಾಂಪ್ ಅಂಟಿಸಿದೆ. ಅದು ಬಂದಿದ್ದು ನವೆಂಬರ್ 15ಕ್ಕೆ, ಅಂದ್ರೆ ಅವು ಆಮೇಲಿನವು.

ಉಳಿದವಕ್ಕೆ ಅಂಚೆ ಮುದ್ರೆಯೇ ಗತಿ, ಅದು ಪೂರ್ತಿ ಮಾಸಿದೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ಫೋನಿನಲ್ಲಿ ಫೋಟೋ ತೆಗೆದು ಕಾಂಟ್ರಾಸ್ಟ್ ಜಾಸ್ತಿ ಮಾಡಿದೆ. ತಿಂಗಳು ಕಾಣುತ್ತೆ, ದಿನ ಕಾಣಲ್ಲ. ಅಜ್ಜಿಗೆ ಈಗ 78, ನೆನಪು ದಿನದಿನಕ್ಕೂ ಕಮ್ಮಿ ಆಗುತ್ತಿದೆ. ಪತ್ರಗಳನ್ನು ಸಾಲಾಗಿ ಜೋಡಿಸಿ ಅವರಿಗೆ ಓದಿ ಹೇಳಬೇಕು ಅಂತ ನನಗೆ ತುಂಬಾ ಆಸೆ.

ಹಳೆ ಅಂಚೆ ಮುದ್ರೆ ಓದಿ ಅಭ್ಯಾಸ ಇರುವವರು ಹೇಳಿ: ಕಾಗದಕ್ಕೆ ನೀರು, ಔಷಧಿ ಏನೂ ತಾಗಿಸದೆ ಮಾಸಿದ ಮುದ್ರೆಯ ದಿನಾಂಕ ಓದೋಕೆ ಯಾವ ದಾರಿ ಇದೆ?